ಮಾಳುವಿನ ಆದಾಯ

ಮಾಳು ಸಿದ್ದಲಿಂಗೇಶನ ಅಂಗಿಯ ಕಾಲರ್ ಹಿಡಿದು ಕುರ್ಚಿಯಿಂದ ಎಬ್ಬಿಸಿದ. ಮೊದಲ ಏಟು ಬಾಯಿಗೆ ಬಿತ್ತು. ಎರಡನೆಯದಕ್ಕೆ ಸಿದ್ದಲಿಂಗೇಶ ಗೋಡೆಗೆ ಬಡಿದು ನೆಲಕ್ಕೆ ಕುಸಿದ.

“ನನ್ನ ಹೆಂಡ್ತಿಗೆ ದಿನಾ ಫೋನ್ ಮಾಡಾಕ ನೀ ಯಾರಲೇ?”

ವಿಜಯಪುರದ ಸೊಲ್ಲಾಪುರ ರಸ್ತೆಯ ಟೈರ್ ಅಂಗಡಿಯ ಮೇಲಿನ ಆ ಕೋಣೆಗೆ ಮಾಳು ತಿಕೋಟಾದಿಂದ ಬೈಕಿನಲ್ಲಿ ಎಲ್ಲೂ ನಿಲ್ಲದೆ ಬಂದಿದ್ದ. ಬೆಳಿಗ್ಗೆ ಹೆಂಡತಿ ಕಸ್ತೂರಿಯ ಫೋನಿನಲ್ಲಿ ಈ ಹೆಸರು ಮತ್ತೆ ಮತ್ತೆ ಕಂಡಿತ್ತು. ಯಾರವನು ಎಂದು ಕೇಳುತ್ತ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಹಿತ್ತಲಿನವರೆಗೆ ಎಳೆದಿದ್ದ. ಕೆನ್ನೆ ಬಾತುಕೊಳ್ಳುವವರೆಗೆ ಹೊಡೆದಿದ್ದ. ಅವಳು ಅಳಲಿಲ್ಲ. “ಅವರನ್ನ ಹೋಗಿ ಕೇಳ್ರಿ” ಎಂದು ಕೋಣೆಯ ಗುರುತು ಹೇಳಿದಳು. ಅದು ಅವನ ಸಿಟ್ಟನ್ನು ಇನ್ನಷ್ಟು ಏರಿಸಿತ್ತು.

ಸಿದ್ದಲಿಂಗೇಶ ಬಾಯಿಯ ರಕ್ತ ಒರೆಸಿಕೊಂಡ. “ಟ್ಯಾಕ್ಸಿನ ಕೆಲಸ ಮಾಡಾಂವ್ರಿ ನಾ. ಬ್ಯಾಂಕಿನವರು ಅಕ್ಕಾರಿಗೆ ಫೋನ್ ಮಾಡಿದ್ರಂತ. ನಿಮಗ ಎರಡನೇ ಜೆಸಿಬಿಗೆ ಸಾಲ ಬೇಕಂದ್ರ ನಿಮ್ಮ ಹೆಸರಿಲೆ ರಿಟರ್ನ್ ಇರಬೇಕಂತ. ಏನೇನು ಕಾಗದ ಬೇಕು ಅಂತ ಕೇಳಾಕತ್ತಿದ್ರು.”

ಎತ್ತಿದ ಕೈ ಅಲ್ಲೇ ನಿಂತಿತು. ಮಾಳು ತನ್ನ ಜೆಸಿಬಿಯನ್ನು ತಾನೇ ಓಡಿಸುತ್ತಿದ್ದ. ಇಟ್ಟಂಗಿಹಾಳದಿಂದ ಬಬಲೇಶ್ವರದವರೆಗೆ ದ್ರಾಕ್ಷಿ ಬೆಳೆಗಾರರ ಹೊಲಗಳಲ್ಲಿ ಕೃಷಿಹೊಂಡ ತೋಡುವುದು ಅವನ ಕೆಲಸ. ದುಡ್ಡೆಲ್ಲ ಕೈಗೇ ಬರುತ್ತಿತ್ತು. ಆದಾಯ ತೆರಿಗೆಯ ರಿಟರ್ನ್ ಎಂಬುದನ್ನು ಅವನು ಹುಟ್ಟಿದಾಗಿನಿಂದ ತುಂಬಿರಲಿಲ್ಲ. ಎರಡನೇ ಜೆಸಿಬಿಯ ಮಾತನ್ನು ಮಾತ್ರ ಕುಡಿದಾಗಲೆಲ್ಲ ಆಡುತ್ತಿದ್ದ.

“ನನಗ್ಯಾಕ ಹೇಳಲಿಲ್ಲ ಆಕಿ?”

“ಹೆದರಿಕಿ ಬರತೈತಿ ಅಂದ್ರು.”

ಆ ಉತ್ತರ ಮಾಳುವಿಗೆ ಹಿಡಿಸಿತು. ಅವನು ಸಿದ್ದಲಿಂಗೇಶನ ಕುರ್ಚಿಯಲ್ಲೇ ಕುಳಿತ. “ತೋರಸು.”

“ನೀವು ಹೇಳ್ಕೋತ ಹೋಗ್ರಿ, ನಾ ತುಂಬತೇನಿ.”

“ನನ್ನ ದುಡಿಮಿ ನೀ ತುಂಬಾಂವೇನು? ಸರಿ ಆಕಡೆ.”

“ಅಕ್ಕಾರೂ ಅದನ್ನ ಅಂದಿದ್ರು. ನಮ್ಮವರು ತಾವ ತುಂಬತಾರ, ನೀವು ಬರೇ ತೋರಸ್ರಿ ಅಂತ.”

ಮಾಳು ಒಂದೇ ಬೆರಳಿನಿಂದ ಕಂಪ್ಯೂಟರಿನ ಕೀ ಒತ್ತತೊಡಗಿದ. ಪ್ಯಾನ್ ನಂಬರ್ ಹಾಕಿದ. ತನ್ನ ಮೊಬೈಲಿಗೆ ಬಂದ ಒಟಿಪಿ ಹಾಕಿದ. ಗೆಣ್ಣಿಗೆ ಹತ್ತಿದ್ದ ರಕ್ತ ಕೀಲಿಗಳ ಮೇಲೆ ಉಳಿಯಿತು. ಆದಾಯದ ಕಾಲಂ ಬಂದಾಗ ತಿರುಗಿ ನೋಡಿದ.

“ಡೀಸೆಲ್, ರಿಪೇರಿ ಎಲ್ಲಾ ಕಳೆದು ಕಡಿಮಿ ತೋರಿಸಬಹುದ್ರಿ,” ಎಂದ ಸಿದ್ದಲಿಂಗೇಶ.

“ಕಡಿಮಿ ತೋರಿಸಿದ್ರ ಸಾಲ?”

“ಅದೂ ಕಡಿಮಿ.”

“ಹೆಚ್ಚು ತೋರಿಸಿದ್ರ ಟ್ಯಾಕ್ಸ್?”

“ಹನ್ನೆರಡು ಲಕ್ಷದ ತನಕ ಏನೂ ಇಲ್ರಿ.”

ಮಾಳು ಹನ್ನೆರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಬರೆದ. ಸುಳ್ಳೇನಲ್ಲ, ಅದಕ್ಕಿಂತ ಹೆಚ್ಚೇ ದುಡಿಯುತ್ತಿದ್ದ.

ಮನೆಗೆ ಬಂದಾಗ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. “ತುಂಬಿದ್ರಿ?”

“ಹೂಂ.”

“ನೀವ ತುಂಬಿದ್ರಿ? ಅವರ ಕೈಲೆ ತುಂಬಿಸಿಲ್ಲ ಹೌದಿಲ್ಲೋ?”

“ಯಾಕ, ನನಗ ಅಕ್ಷರಾ ಬರೂದಿಲ್ಲೇನು?”

ಅವಳು ಇನ್ನೊಂದು ಬಿಸಿ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಳು. ಬಾತ ಕೆನ್ನೆಯಲ್ಲೇ ನಕ್ಕಳು. ಪೆಟ್ಟು ಬಿದ್ದರೆ ಹೆಂಗಸು ಹದಕ್ಕೆ ಬರುತ್ತಾಳೆ ಎಂದುಕೊಂಡು ಮಾಳು ಉಂಡ.

ಅದೇ ವಾರ, ಚಹಾ ತಡವಾಯಿತೆಂದು ಅವಳ ಕೈ ತಿರುವಿದ. ಎಲುಬು ಮುರಿದ ಸಪ್ಪಳ ಅವನಿಗೂ ಕೇಳಿಸಿತು. ಕಸ್ತೂರಿ ಆಸ್ಪತ್ರೆಗೆ ಹೋದಳು. ಅಲ್ಲಿಂದ ತವರೂರಾದ ನಿಡೋಣಿಗೆ ಹೋದಳು. ಎಳೆದು ತರಲು ಮಾಳು ಬೆನ್ನಟ್ಟಿದ. ಬಾಗಿಲಲ್ಲಿ ಅವಳ ತಾಯಿ ಭೀಮಾಬಾಯಿ ಕುಡಗೋಲು ಹಿಡಿದು ನಿಂತಿದ್ದಳು.

“ಹೊಸ್ತಿಲಾ ದಾಟಿ ನೋಡು. ಕಾಲು ಇಲ್ಲೇ ಬಿಟ್ಟು ಹೋಗ್ತಿ.”

ಮುದುಕಿಯ ಕಣ್ಣು ನೋಡಿ ಮಾಳು ಹಿಂದೆ ಸರಿದ. ಅಂಗಳದ ಕೊಡಗಳನ್ನು ಒದ್ದು ಒಡೆದು ವಾಪಸಾದ.

ಕೆಲವು ದಿನಗಳಲ್ಲಿ ಕೋರ್ಟಿನ ನೋಟಿಸು ಬಂತು. ಕಸ್ತೂರಿ ಜೀವನಾಂಶ ಕೇಳಿದ್ದಳು. ಮಾಳುವಿನ ವಕೀಲ ನೋಟಿಸು ಓದಿ ನಕ್ಕ. “ಜೆಸಿಬಿ ಯಾರ ಹೆಸರಿಲೆ ಐತಿ?”

“ಅಣ್ಣನ ಹೆಸರಿಲೆ. ದುಡ್ಡು ನಂದ.”

“ಮುಗೀತಲ್ಲ. ಕೂಲಿ ಮಾಡ್ತೇನಿ ಅನ್ನು. ಇಲ್ಲ ಅನ್ನಾಕ ಆಕಿ ಕಡೆ ಏನೈತಿ?”

ವಿಜಯಪುರದ ಕೋರ್ಟಿನಲ್ಲಿ ಮಾಳು ಪ್ರಮಾಣ ಮಾಡಿ ಹಾಗೇ ಹೇಳಿದ. “ದಿನಗೂಲಿರಿ. ಅಣ್ಣನ ಮಶೀನ್ ಓಡಸ್ತೇನಿ. ನನ್ನ ಹೊಟ್ಟಿಗೇ ಸಾಲೂದಿಲ್ಲ.”

ಕಸ್ತೂರಿಯ ಪರ ವಕೀಲೆ ಎದ್ದು ನಿಂತರು. ಕೋರ್ಟಿನ ಆದೇಶದಂತೆ ತೆರಿಗೆ ಇಲಾಖೆ ಕಳಿಸಿದ್ದ ಕಾಗದವನ್ನು ಮಾಳುವಿನ ಮುಂದೆ ಹಿಡಿದರು. “ಈ ಆದಾಯ ಬರ್ದವರು ಯಾರು?”

ಮಾಳು ಕಾಗದವನ್ನು ದೂರ ತಳ್ಳಿದ. “ಆ ಟ್ಯಾಕ್ಸಿನಾಂವ ಬರ್ದಿರಬೇಕ್ರಿ.”

“ನಿಮ್ಮ ಮೊಬೈಲಿಗೆ ಬಂದ ಒಟಿಪಿ ಹಾಕಿದವರು?”

ಮಾಳು ತಿರುಗಿ ಕಸ್ತೂರಿಯನ್ನು ದುರುಗುಟ್ಟಿ ನೋಡಿದ.

ಹೊರಗಿನ ವರಾಂಡದಲ್ಲಿ ಅವನು ಕಸ್ತೂರಿಯ ಮೇಲೆ ಏರಿ ಹೋದ. ಕುತ್ತಿಗೆಗೆ ಕೈ ಹಾಕುವಷ್ಟರಲ್ಲಿ ಪೊಲೀಸರಿಬ್ಬರು ಅವನ ತೋಳು ಹಿಂದಕ್ಕೆ ತಿರುವಿ ಗೋಡೆಗೆ ಒತ್ತಿದರು. ಕಸ್ತೂರಿ ನಿಂತಲ್ಲಿಂದ ಕದಲಲಿಲ್ಲ.

“ಆ ಬ್ಯಾಂಕಿನವರ್ನ ಬಿಡೂದಿಲ್ಲ,” ಎಂದು ಮಾಳು ಗೋಡೆಗೆ ಮುಖವಿಟ್ಟೇ ಅರಚಿದ. “ಫೋನ್ ಮಾಡಿ ರಿಟರ್ನ್ ತುಂಬು ಅಂದವರು ಅವರ. ಈಗ ನಿನ್ನ ಜೋಡಿ ಸೇರ್ಯಾರ.”

“ಯಾವ ಬ್ಯಾಂಕಿನವರೂ ಫೋನ್ ಮಾಡಿರಲಿಲ್ರಿ,” ಎಂದಳು ಕಸ್ತೂರಿ. “ಗಂಡನ ದುಡಿಮಿ ಅವನ ಕೈಲೆ ಬರಸು, ಆಮ್ಯಾಲ ಮನಿ ಬಿಡು ಅಂತ ಫೋನ್ ಮಾಡಿದವರು ನಮ್ಮ ವಕೀಲರು.”