ಅರಳಿದರೆ ನಷ್ಟ

ಅಡುಗೆಮನೆಯ ಬಲ್ಬು ಇದ್ದಕ್ಕಿದ್ದಂತೆ ನಡುಹಗಲಿನ ಸೂರ್ಯನಂತೆ ಬೆಳಗಿತು. ನಡುಮನೆಯ ಫ್ಯಾನು ಚಾವಣಿ ಬಿಟ್ಟು ಹಾರಿಹೋಗುವ ಹಕ್ಕಿಯ ಹಾಗೆ ರೆಕ್ಕೆ ಬೀಸಿತು. ಹೂವಿನ ಕಡ್ಡಿ ಕತ್ತರಿಸುತ್ತಿದ್ದ ಸೊಸೆ ತಲೆ ಎತ್ತಿ, ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಎಲ್ಲವೂ ಒಟ್ಟಿಗೆ ಕಣ್ಣು ಮುಚ್ಚಿದವು. ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿ ಕಿತ್ತುಬಂದು ಮನೆಮನೆಗೂ ಹೆಚ್ಚು ವೋಲ್ಟೇಜ್ ನುಗ್ಗಿತ್ತು.

ಲೈನ್‌ಮನ್ ಬಂದು ತಂತಿ ಜೋಡಿಸಿದ. ಫ್ಯಾನು ತಿರುಗಿತು, ಹೊಸ ಬಲ್ಬು ಹಾಕಿದರೆ ಅದೂ ಉರಿಯಿತು. ಫ್ರಿಜ್ ಮಾತ್ರ ಏಳಲಿಲ್ಲ. ಅದರ ತುಂಬ ಇದ್ದದ್ದು ಬಿಳಿ ಲಿಲ್ಲಿ ಮೊಗ್ಗುಗಳು. 'ಹಾಲಿಗೆ ಜಾಗವಿಲ್ಲ, ಹೂವಿಗೆ ಅರಮನೆ' ಎಂದು ಗಂಡ ಕೆಲಸದ ಮೇಲೆ ಊರು ಬಿಡುವ ಮುನ್ನ ರೇಗಿಸಿದ್ದ. ಮನೆಯಲ್ಲೇ ಹೂಗುಚ್ಛ ಕಟ್ಟಿಕೊಡುವ ಅವಳಿಗೆ ಮೊದಲ ಸಲ ಒಂದು ದೊಡ್ಡ ಸಭಾಂಗಣದ ಕೆಲಸ ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಮೊಗ್ಗಾಗಿಯೇ ಒಪ್ಪಿಸಬೇಕು, ಕೆಲವು ದಿನ ಬಿಟ್ಟು ನಡೆಯುವ ಸಮಾರಂಭದ ಹೊತ್ತಿಗೆ ಅಲ್ಲಿ ಅರಳಬೇಕು. ಇದು ಕೆಟ್ಟರೆ ಅವರು ಮತ್ತೆ ಕರೆಯುವ ಮಾತಿಲ್ಲ.

ಫ್ರಿಜ್ಜಿನ ಪ್ಲಗ್ ಕಿತ್ತು, ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಚುಚ್ಚಿದಳು. ಉರಿಯಿತು. ಅಂದರೆ ಗೋಡೆಯದ್ದೇನೂ ತಪ್ಪಿಲ್ಲ. ಸ್ಟೆಬಿಲೈಜರಿನ ಹಿಂಬದಿಯ ಮುಚ್ಚಳ ತಿರುಗಿಸಿ ಫ್ಯೂಸ್ ಹೊರತೆಗೆದಳು. ಪುಟ್ಟ ಗಾಜಿನ ಕೊಳವೆ ಒಳಗೆಲ್ಲ ಕಪ್ಪಿಟ್ಟಿತ್ತು. ಅಂಗಡಿಗೆ ಓಡಿ ಅಂಥದ್ದೇ ಇನ್ನೊಂದು ತಂದು ಹಾಕಿದಳು. ಬಾಗಿಲು ತೆರೆದರೆ ಒಳಗಿನ ದೀಪ ಹತ್ತಿತು. ಮೊಗ್ಗುಗಳ ಮೇಲೆ ಬೆಳದಿಂಗಳು ಬಿದ್ದಂತಾಯಿತು. ಆದರೆ ತಂಪು ಬರಲಿಲ್ಲ. ಕಿವಿಗೊಟ್ಟು ಆಲಿಸಿದರೆ ಬೀದಿಯ ಗದ್ದಲವೇ ಕೇಳುತ್ತಿತ್ತು. ಟಿವಿ ಸುಟ್ಟವರು, ಮಿಕ್ಸಿ ಸುಟ್ಟವರು, ಎಲ್ಲರೂ ಆ ಲೈನ್‌ಮನ್‌ನನ್ನು ಸುತ್ತುವರಿದು ನಿಂತಿದ್ದರು.

"ಸ್ವಲ್ಪ ಈ ಕಡೆ ಬಾ."

ತಿರುಗಿ ನೋಡಿದರೆ ಅತ್ತೆ. ಹೋದ ವರ್ಷದ ಜ್ವರದಲ್ಲಿ ಎರಡೂ ಕಿವಿ ಹೋದ ಮೇಲೆ ಅವರು ಕೋಣೆ ಬಿಟ್ಟು ಬರುತ್ತಿದ್ದುದೇ ಅಪರೂಪ. ಎದುರಿನವರು ಹೇಳಿದ್ದು ತಿಳಿಯದೆ ಪೆಚ್ಚಾಗಿ ನಗುವುದಕ್ಕಿಂತ ಕಿಟಕಿಯ ಹತ್ತಿರ ಕೂತಿರುವುದೇ ವಾಸಿ ಅಂದುಕೊಂಡಿದ್ದರು. ಈಗ ಬಂದವರು, ಮೈ ಬೆಚ್ಚಗಾದ ಮಗುವನ್ನು ಮುಟ್ಟಿ ನೋಡುವ ಹಾಗೆ ಫ್ರಿಜ್ಜಿನ ಪಕ್ಕೆಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು.

"ಏಳೋಕೆ ನೋಡ್ತಿದೆ," ಎಂದರು. "ಮೈ ನಡುಗುತ್ತೆ, ಆಗದೆ ಸುಮ್ಮನಾಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಡುಗುತ್ತೆ. ಸತ್ತಿಲ್ಲ ಇದು."

ಸೊಸೆ ರಿಪೇರಿಯವನಿಗೆ ಫೋನ್ ಮಾಡಿ ಅದನ್ನೇ ಹೇಳಿದಳು.

"ಹಾಗಿದ್ರೆ ಮೊದಲು ಸ್ವಿಚ್ ಆರಿಸಿ," ಎಂದ ಅವನು. "ಕಂಪ್ರೆಸರ್ ಬದುಕಿದೆ. ಅದನ್ನ ಎಬ್ಬಿಸೋ ರಿಲೇ ಸುಟ್ಟಿರಬೇಕು. ಹೀಗೇ ಒದ್ದಾಡೋಕೆ ಬಿಟ್ರೆ ಅದೂ ಹೋಗುತ್ತೆ. ನಾಳೆ ಬಂದು ಹಾಕಿಕೊಡ್ತೀನಿ."

"ಇವತ್ತೇ ಆಗಲ್ವಾ?"

"ನಿಮ್ಮ ಇಡೀ ಬೀದಿ ನನಗೇ ಫೋನ್ ಮಾಡ್ತಿದೆ ಅಕ್ಕ."

ಸ್ವಿಚ್ ಆರಿಸಿ, ಮೊಗ್ಗುಗಳನ್ನು ನೀರಿನ ಬಕೆಟ್ಟುಗಳಿಗೆ ಇಳಿಸಿ, ಅವನ್ನು ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಬಚ್ಚಲುಮನೆಯ ತಣ್ಣನೆಯ ನೆಲಕ್ಕೆ ಸಾಗಿಸಿದರು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರು. ಬಾಗಿಲಲ್ಲಿ ಎರಡು ಮಣೆ ಹಾಕಿಕೊಂಡು ಕಾವಲು ಕೂತರು. ಸಂಜೆ ಬೆಳಕು ಕರಗುತ್ತಿದ್ದ ಹಾಗೆ ಒಂದು ಮೊಗ್ಗು ತುಟಿ ಬಿಡಿಸಿತು. ಅದರ ಪಕ್ಕದ್ದು ಅದನ್ನು ನೋಡಿ ಕಲಿತಂತೆ ತಾನೂ ಬಿಡಿಸಿತು. ಪರಿಮಳ ಬಚ್ಚಲು ದಾಟಿ, ಅಡುಗೆಮನೆ ದಾಟಿ, ಮನೆಯೆಲ್ಲ ಹರಡಿಕೊಂಡಿತು. ಗೋಡೆಗಳು ಎಲ್ಲಿಗೋ ಹಿಂದೆ ಸರಿದು ಹೋದಂತೆ, ತಾವಿಬ್ಬರೂ ಯಾವುದೋ ಕೊಳದ ದಡದಲ್ಲಿ ಕೂತಂತೆ ಅವಳಿಗೆ ಅನ್ನಿಸಿತು. ಆದರೂ ಪ್ರತಿ ಹೂವಿಗೂ ಅವಳ ಮುಖ ಒಂದಿಷ್ಟು ಇಳಿಯುತ್ತಿತ್ತು.

"ಯಾಕೆ?" ಎಂದರು ಅತ್ತೆ.

ಅವಳು ಅರಳಿದ್ದನ್ನು ತೋರಿಸಿ, ಹೋಯಿತು ಎಂಬಂತೆ ಕೈ ಆಡಿಸಿದಳು.

"ಅರಳಿದ್ರೆ ನಷ್ಟಾನಾ?" ಅತ್ತೆ ಹೂವನ್ನೂ ಅವಳನ್ನೂ ನೋಡಿದರು. "ಎಂಥ ವ್ಯಾಪಾರ ಹಿಡಿದಿದ್ದೀಯೇ ನನ್ನ ತಾಯಿ."

ಅಳು ಬರುವುದರಲ್ಲಿದ್ದವಳಿಗೆ ನಗು ಬಂತು. ಅತ್ತೆಯೂ ನಕ್ಕರು. ಆ ಮನೆಯಲ್ಲಿ ಅವರ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಬೆಳಿಗ್ಗೆ ಸಭಾಂಗಣದವನು ಬಂದು ಇನ್ನೂ ಮುಚ್ಚಿಕೊಂಡಿದ್ದ ಅಷ್ಟಿಷ್ಟನ್ನು ಆರಿಸಿಕೊಂಡ. "ಅರಳಿದ್ದು ನನಗೆ ಬೇಡಮ್ಮ, ಸಮಾರಂಭದ ಹೊತ್ತಿಗೆ ಉದುರುತ್ತೆ. ಮುಂದೆ ಯಾವಾಗಾದ್ರೂ ನೋಡೋಣ," ಎಂದು ಹೊರಟುಹೋದ. ಆ 'ಯಾವಾಗಾದ್ರೂ' ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಳು. ತಲೆ ಎತ್ತಿದಾಗ ಅರಳಿದ ಹೂಗಳಿದ್ದ ಬಕೆಟ್ಟಿಲ್ಲ. ಬಾಗಿಲಲ್ಲಿ ಅತ್ತೆಯ ಚಪ್ಪಲಿಯೂ ಇಲ್ಲ.

ಕಿವಿ ಕೇಳದವರು, ಬೀದಿಯ ತುಂಬ ಗಾಡಿಗಳು. ಗಾಬರಿಯಿಂದ ಹೊರಗೆ ಓಡಬೇಕೆನ್ನುವಷ್ಟರಲ್ಲಿ ರಿಪೇರಿಯವನು ಚೀಲ ಹಿಡಿದು ಎದುರಾದ.

"ಇದೇನಕ್ಕ ನಿಮ್ಮ ಬೀದೀಲಿ? ಯಾವ ಮನೆಗೆ ಹೋದ್ರೂ ಸುಟ್ಟ ಟಿವಿ ಮೇಲೆ ಲೋಟದಲ್ಲೊಂದು ಬಿಳಿ ಹೂ. ಯಾರೋ ಅಜ್ಜಿ ಕೊಟ್ಟು ಹೋದ್ರಂತೆ. ಈಗ ಮೂಲೆ ಮನೆ ಜಗಲೀಲಿ ಕೂತಿದ್ದಾರೆ, ಸುತ್ತ ಅರ್ಧ ಬೀದಿ ಸೇರಿದೆ."

ಅವಳು ಬಾಗಿಲು ಹಿಡಿದು ನಿರಾಳವಾಗಿ ಉಸಿರುಬಿಟ್ಟಳು. ಅವನು ಫ್ರಿಜ್ ಮುಂದಕ್ಕೆಳೆದು, ಹಿಂದೆ ಕೂತು, ಸುಟ್ಟ ರಿಲೇ ಕಿತ್ತು ಹೊಸದನ್ನು ಸಿಕ್ಕಿಸಿದ. ಒಂದು ಕ್ಷಣ ತಡೆದು ಫ್ರಿಜ್ ಮೆಲ್ಲಗೆ ಗುನುಗತೊಡಗಿತು.

ಬಿಸಿಲೇರಿದ ಮೇಲೆ ಅತ್ತೆ ಬಂದರು. ಬಕೆಟ್ ಖಾಲಿ, ತುರುಬು ಸಡಿಲ, ಮುಖ ಕೆಂಪು. ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಸೊಸೆ ಕೈಸನ್ನೆಯಲ್ಲಿ ಕೇಳಿದಳು.

"ಎಲ್ಲರೂ ತುಂಬಾ ಮಾತಾಡಿದ್ರು," ಎಂದರು ಅತ್ತೆ, ಚಪ್ಪಲಿ ಬಿಡುತ್ತಾ. "ಒಂದಕ್ಷರ ಕೇಳಿಸಲಿಲ್ಲ. ಎಷ್ಟು ಚೆನ್ನಾಗಿತ್ತು ಗೊತ್ತಾ."