ಹನ್ನೆರಡನೆಯ ಜೊತೆ

ಬಲಗಾಲಿನ ಶೂ ಒಳಗೆ, ಹೆಬ್ಬೆರಳು ತಾಗುವ ಜಾಗಕ್ಕೆ, ಅವಳು ಚೀಟಿಯನ್ನು ಮಡಚಿ ತುರುಕಿದಳು. ಡಬ್ಬಿಗೆ ಕೆಂಪು ಕಾಗದ ಸುತ್ತಿ, ದಾರಕ್ಕೆ ಇಪ್ಪತ್ತಮೂರನೆಯ ನಂಬರು ಕಟ್ಟಿದಳು. ಬೆಳಗಿನ ಪೂಜೆಗೆ ಚರ್ಚಿನ ಮೊದಲ ಗಂಟೆ ಹೊಡೆಯಿತು.

ಇಪ್ಪತ್ತಮೂರು ಎಂದರೆ ಡ್ರೈವರ್. ಹನ್ನೆರಡು ವರ್ಷದ ಹಿಂದೆ ಅವನ ಲಾರಿ, ಶಾಲೆಯ ಗೇಟಿನ ಎದುರು, ಅವಳ ಆರು ವರ್ಷದ ಮಗನ ಮೇಲೆ ಹರಿದಿತ್ತು. "ಕಣ್ಣು ಹತ್ತಿಬಿಟ್ಟಿತ್ತು ಸಾರ್" ಎಂದು ಕೋರ್ಟಿನಲ್ಲಿ ಹೇಳಿದ. ಒಂದು ವರ್ಷ ಒಳಗಿದ್ದು ಹೊರಬರುವಷ್ಟರಲ್ಲಿ ಕೆಲಸ ಹೋಗಿತ್ತು, ಹೆಂಡತಿ ತವರು ಸೇರಿದ್ದಳು. ಗೋದಾಮಿನಲ್ಲಿ ಮೂಟೆ ಹೊರುತ್ತ ಒಂಟಿ ಕೋಣೆಯಲ್ಲಿ ಉಳಿದ. ಅವಳಿಗೆ ಅಷ್ಟು ಸಾಲಲಿಲ್ಲ. ಅವನಿಗೆ ಇನ್ನೆಂದೂ ನೆಮ್ಮದಿಯಾಗಿ ಕಣ್ಣು ಹತ್ತಬಾರದಿತ್ತು.

ಆ ಚರ್ಚಿನಲ್ಲಿ ಕ್ರಿಸ್‌ಮಸ್ ದಾನಕ್ಕೊಂದು ಕಟ್ಟಳೆ. ಇಲ್ಲದವರು ಬೇಕಾದ್ದನ್ನು ಬರೆದುಕೊಡುತ್ತಾರೆ. ಫಾದರ್ ಬರೆದವರ ಹೆಸರು ಮರೆಸಿ, ಒಬ್ಬೊಬ್ಬರಿಗೆ ಖಾಯಂ ನಂಬರು ಹಾಕಿ ಬಾಗಿಲಲ್ಲಿ ಅಂಟಿಸುತ್ತಾರೆ. ಉಳ್ಳವರು ಒಂದೊಂದು ನಂಬರು ಆರಿಸಿ, ಬಾಲಯೇಸುವಿನ ಗೋದಲಿಯ ಮುಂದೆ ಪೊಟ್ಟಣ ಇಡುತ್ತಾರೆ. ಯಾರು ಕೊಟ್ಟರೆಂದು ಕೇಳುವಂತಿಲ್ಲ, ಚರ್ಚಿನೊಳಗೆ ಬಿಚ್ಚುವಂತಿಲ್ಲ. ಇಪ್ಪತ್ತಮೂರು ಯಾರೆಂದು ಅವಳಿಗೆ ಬಾಯಿಬಿಟ್ಟವನು ಗಂಟೆ ಹೊಡೆಯುವ ಅಜ್ಜ. ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದು ಗಂಟೆಯ ನಾದ ನಿಲ್ಲುವಷ್ಟೇ ಹೊತ್ತು.

ಮೊದಲ ವರ್ಷ ಡ್ರೈವರ್ ಬರೆದಿದ್ದ: "ಏನಾದರೂ ಸರಿ."

ಶೂ ಅಂಗಡಿಯಲ್ಲಿ ಮಂಡಿಯೂರಿ ಕಂಡವರ ಮಕ್ಕಳ ಕಾಲು ಅಳೆಯುವುದು ಅವಳ ಕೆಲಸ. ಏಳು ವರ್ಷದ ಹುಡುಗನ ಶೂ ಕಳಿಸಿದಳು. ಮಗ ಇದ್ದಿದ್ದರೆ ಆ ವರ್ಷ ಅವನಿಗೆ ಆಗುತ್ತಿದ್ದ ಅಳತೆ. ಮರುವರ್ಷ ಎಂಟರದು. ಆಮೇಲೆ ಒಂಬತ್ತರದು. ಬೆಳೆಯುವ ಕಾಲಿಗೆ ಮುಂದೆ ಹೆಬ್ಬೆರಳಗಲ ಜಾಗ ಬಿಡುವುದು ಅಂಗಡಿಯ ರೂಢಿ. ಅದನ್ನೂ ತಪ್ಪಿಸಲಿಲ್ಲ. ಸತ್ತ ಮಗು ಬೆಳೆಯುತ್ತಲೇ ಇದೆ ಎಂದು ಅವನಿಗೆ ವರ್ಷ ವರ್ಷವೂ ತಿಳಿಯಬೇಕಿತ್ತು.

ನಾಟಿದೆ ಎಂದು ಅವಳಿಗೆ ಖಾತ್ರಿಯಿತ್ತು. ಎರಡನೆಯ ವರ್ಷದಿಂದ ಅವನ ಚೀಟಿಯಲ್ಲಿ ಒಂದೇ ಸಾಲು: "ಹೋದ ವರ್ಷ ಕೊಟ್ಟಂಥದ್ದೇ." ಶಿಕ್ಷೆಗೆ ತಲೆಬಾಗಿದ್ದಾನೆ ಎಂದುಕೊಂಡಳು. ಪೂಜೆ ಮುಗಿದು ಬೆಂಚುಗಳು ಖಾಲಿಯಾದರೂ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಒಮ್ಮೆ ಹಿಂಬಾಲಿಸಿದಳು. ಮನೆಗೆ ಹೋಗದೆ ನೇರ ಬಸ್ ನಿಲ್ದಾಣಕ್ಕೆ ನಡೆದ. ಊರಲ್ಲೇ ಇಟ್ಟುಕೊಳ್ಳುವ ಧೈರ್ಯವೂ ಇಲ್ಲ, ದೂರ ಎಲ್ಲೋ ಎಸೆದು ಬರುತ್ತಾನೆ. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಈ ವರ್ಷ ಮಗನಿಗೆ ಹದಿನೆಂಟು ತುಂಬುತ್ತಿತ್ತು. ಹದಿನೆಂಟರ ಕಾಲು, ಬೆಳೆದ ಗಂಡಸಿನ ಕಾಲು. ಡ್ರೈವರ್ ಇದನ್ನು ಬರೀ ದಾನವೆಂದು ತಿಳಿದು ಮೆಟ್ಟಿಕೊಂಡು ತಿರುಗಿದರೆ? ಅದಕ್ಕೇ ಚೀಟಿ. "ನನ್ನ ಮಗನ ಕಾಲು ಈಗ ಇಷ್ಟಾಗುತ್ತಿತ್ತು. ಕೊಂದವನು ನೀನು." ಹನ್ನೆರಡು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಎರಡೇ ಸಾಲಿಗೆ ಮುಗಿದುಹೋಗಿತ್ತು.

ಗೋದಲಿಯ ಬಳಿ ಅಜ್ಜ ಪೊಟ್ಟಣ ಕೈಗೆ ತೆಗೆದುಕೊಂಡ.

"ಮತ್ತೆ ಇಪ್ಪತ್ತಮೂರಾ ತಾಯಿ? ನಿನ್ನಂಥ ಮನಸ್ಸು ನನಗಂತೂ ಬರಲ್ಲಪ್ಪ."

"ಬರೋದೂ ಬೇಡ ಅಜ್ಜ. ಅವನ ಕೈಗೆ ಸೇರುತ್ತಲ್ಲ?"

"ಸೇರದೇ ಏನು. ನೀನು ಆಣೆ ಹಾಕಿಸಿದ್ದಕ್ಕೆ ನಿನ್ನ ಹೆಸರೊಂದು ಹೇಳಿಲ್ಲ, ಅಷ್ಟೇ. ಎದೆಗವಚಿಕೊಂಡು ಹೋಗ್ತಾನೆ."

ಫಾದರ್ ಕ್ಷಮೆಯ ಬಗ್ಗೆ ಮಾತಾಡಿದರು. ಅವಳು ಮೂರನೆಯ ಬೆಂಚಿನಲ್ಲಿದ್ದ ಡ್ರೈವರನ ಬೋಳು ನೆತ್ತಿ ನೋಡುತ್ತ ಕೂತಳು. ಹಾಡು ಮುಗಿಯಿತು. ನಂಬರುಗಳನ್ನು ಕೂಗಿದರು. ಈ ಸಲ ಅವನು ಕೂತು ಉಳಿಯಲಿಲ್ಲ. ಪೊಟ್ಟಣ ಹಿಡಿದು, ಹೆಚ್ಚುಕಡಿಮೆ ಓಡುತ್ತಲೇ ಹೊರಬಿದ್ದ. ಅವಳೂ ಎದ್ದಳು. ಬಿಚ್ಚುವಾಗ ಅವನ ಮುಖ ನೋಡಬೇಕಿತ್ತು; ಅದೊಂದು ಬಾಕಿ ಇತ್ತು.

ಅಂಗಳದ ಮೆಟ್ಟಿಲ ಮೇಲೆ ಕೂತು ಅವನು ದಾರ ಬಿಚ್ಚುತ್ತಿದ್ದ. ಅವಳು ಕಂಬದ ಮರೆಗೆ ನಿಂತಳು. ಅಜ್ಜ ಆಗಲೇ ಅಲ್ಲಿಗೆ ಬಂದಿದ್ದ.

"ಏನಯ್ಯಾ, ಈ ಸಲ ಬಸ್ ಸ್ಟ್ಯಾಂಡಿಗೆ ಓಡಲಿಲ್ವಾ?"

"ಬಸ್ಸಲ್ಲಿ ಕಳಿಸೋದು ಯಾಕಜ್ಜ, ಈ ಸಲ ಅವನೇ ಬಂದಿದ್ದಾನಲ್ಲ."

ಡ್ರೈವರ್ ಪಕ್ಕಕ್ಕೆ ಸರಿದ. ಅವನ ಆಚೆ, ಉದ್ದ ಕಾಲು ಚಾಚಿಕೊಂಡು ಒಬ್ಬ ಹುಡುಗ ಕೂತಿದ್ದ. ಅವನ ಕಾಲಲ್ಲಿ, ತುದಿ ಸವೆದ ಹೋದ ವರ್ಷದ ಜೊತೆ.

"ಅವರಮ್ಮ ಕರಕೊಂಡು ಹೋದಾಗ ಇವನಿಗೆ ಆರು ವರ್ಷ. ನನ್ನ ಮುಖ ನೋಡೋದಿಲ್ಲ ಅಂದುಬಿಟ್ಟಿದ್ದ. ನಮ್ಮಿಬ್ಬರ ಮಧ್ಯೆ ಇದ್ದಿದ್ದು ವರ್ಷಕ್ಕೊಂದು ಜೊತೆ ಶೂ ಮಾತ್ರ. ಯಾವ ಪುಣ್ಯಾತ್ಮರೋ ಕಾಣೆ ಅಜ್ಜ, ಒಂದು ಸಲವೂ ಅಳತೆ ತಪ್ಪಲಿಲ್ಲ."

ಹುಡುಗ ಬಲಗಾಲನ್ನು ಹೊಸ ಶೂ ಒಳಗೆ ತೂರಿಸಿ ತಡೆದ. ಕೈ ಹಾಕಿ ಮಡಚಿದ ಚೀಟಿಯನ್ನು ಹೊರಗೆಳೆದ.

"ಅಪ್ಪಾ, ನಿಮ್ಮ ಪುಣ್ಯಾತ್ಮರು ಏನೋ ಬರೆದಿಟ್ಟಿದ್ದಾರೆ. ಓದಲಾ?"