ಒಂದು ಚಮಚ ಹೆಪ್ಪು

ಕಾಶವ್ವನ ಹಿತ್ತಲಲ್ಲಿ ಪಾತಾಳದ ಬಾಯಿ ತೆರೆದಾಗಿನಿಂದ ಕತ್ತಿ ಹಿಡಿದ ಹುಡುಗರ ಕಾಟ ತಪ್ಪಿರಲಿಲ್ಲ. ನಿಧಿಗೆಂದು ಇಳಿಯುವರು, ರಕ್ಕಸನ ಕೈಯಲ್ಲಿ ಸಾಯುವರು, ಮರುಗಳಿಗೆಯೇ ಅವಳ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜೀವಂತ ಕುಳಿತು ಚಹಾ ಕೇಳುವರು.

ಅಂದು ಬೆಕ್ಕು ಮೊಸರಿನ ಪಾತ್ರೆ ಉರುಳಿಸಿತ್ತು. ಮರುದಿನವೇ ಹೊಸ ಬೀಗರು ಊಟಕ್ಕೆ ಬರುವವರಿದ್ದರು. ಅವಳ ಹೆಪ್ಪಿನ ಗಟ್ಟಿ ಮೊಸರು ಉಳಿದದ್ದು ಕೆಳಗಿನ ರಕ್ಕಸನ ಹತ್ತಿರ ಮಾತ್ರ. ಕಾಶವ್ವ ಬಟ್ಟಲು ಹಿಡಿದು ಹೊರಟಳು.

“ಬ್ಯಾಡ್ರೀ ಅಕ್ಕಾರ, ಸುಟ್ಟು ಬೂದಿ ಮಾಡ್ತಾನ್ರೀ!” ಎಂದು ಹುಡುಗರು ಕೂಗಿದರು.

“ಸುಡ್ಲಿ ಬಿಡ್ರೋ. ಬೀಗರ ಮುಂದ ಮೊಸರಿಲ್ಲಂತ ನಿಲ್ಲೂದಕ್ಕಿಂತ ಅದ ಬೇಶ್!”

ಹೆಜ್ಜೆ ಸಪ್ಪಳಕ್ಕೆ ಗದೆ ಎತ್ತಿದ್ದ ರಕ್ಕಸ, ಅವಳನ್ನು ಕಂಡು ಇಳಿಸಿದ. “ಬರ್ರಿ ಅಕ್ಕಾರ. ನೀವು ಕೊಟ್ಟ ಹೆಪ್ಪು ಇನ್ನೂ ಕೆಡಿಸಿಲ್ರೀ,” ಎನ್ನುತ್ತ ನಿಧಿಯ ಪೆಟ್ಟಿಗೆ ತೆರೆದ. ನಡುವೆ ಕಂಬಳಿ ಸುತ್ತಿದ ಮೊಸರಿನ ಗಡಿಗೆ ಬೆಚ್ಚಗೆ ಕುಳಿತಿತ್ತು. ಅದು ಅಲುಗದಂತೆ ಸುತ್ತಲೂ ಬಂಗಾರವನ್ನು ಒತ್ತಿಟ್ಟಿದ್ದ.

ಮೇಲೆ ಬಂದಾಗ ಹುಡುಗರು ಮುತ್ತಿಕೊಂಡರು. “ನಿಧಿ ನೋಡಿದ್ರೇನ್ರೀ?”

ಕಾಶವ್ವ ಬಟ್ಟಲಿಗೆ ಸೆರಗು ಮುಚ್ಚಿದಳು. “ನೋಡಿದೆ. ಒಂದ್ ಚಮಚ ಇಸಕೊಂಡೂ ಬಂದೆ. ಅತ್ತ ಸರೀರೋ ಇನ್ನ, ಆ ಕಲ್ಲಿನ ಮ್ಯಾಲ ಬಟ್ಟಿ ಒಗೀಬೇಕು.”